ಕೈಗಾಡಿ ಎಳೆದು ಯೂಟಾಗೆ ಬಂದ ಹೆಂಗಸರು, ಆಮೇಲೆ ಹೇಗೆ ಬದುಕಿದರು?

ಹಳೇದಾರಿ:
1856ರಲ್ಲಿ ಇಂಗ್ಲೆಂಡಿನಿಂದ ಅಮೆರಿಕದ ಯೂಟಾಗೆ ಹೊರಟ ಮಾರ್ಮನ್ (ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥ) ಹೆಂಗಸರ ಬಗ್ಗೆ ಓದುತ್ತಿದ್ದೇನೆ. ಲಿವರ್‌ಪೂಲ್‌ನಲ್ಲಿ ಹಡಗು ಹತ್ತಿ, ಆಮೇಲೆ ರೈಲಿನಲ್ಲಿ ಅಯೋವಾ ಸಿಟಿಗೆ ಬಂದು, ಅಲ್ಲಿಂದ ಸಾಲ್ಟ್ ಲೇಕ್ ಸಿಟಿವರೆಗೆ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ ಕೈಗಾಡಿ ಎಳೆದುಕೊಂಡು ನಡೆದವರು. ದೊಡ್ಡವರಿಗೆ ತಲಾ 17 ಪೌಂಡ್ ಸಾಮಾನು, ಅಂದರೆ ಎಂಟು ಕಿಲೋ ಕೂಡ ಇಲ್ಲ. ಆದರೆ ಎಲ್ಲಿ ನೋಡಿದರೂ ವಿಲ್ಲಿ ಮತ್ತು ಮಾರ್ಟಿನ್ ಅನ್ನೋ ಎರಡು ಕೈಗಾಡಿ ತಂಡಗಳು ಹಿಮದಲ್ಲಿ ಸಿಕ್ಕಿಕೊಂಡು 200ಕ್ಕೂ ಹೆಚ್ಚು ಜನ ಸತ್ತದ್ದನ್ನು ಹೇಳಿ ನಿಲ್ಲಿಸಿಬಿಡುತ್ತಾರೆ. ಬದುಕಿ ಊರು ಸೇರಿದವರ ಕತೆ ಏನಾಯ್ತು? ಗೊತ್ತಿದ್ದವರು ಹೇಳಿ.

ನೂಲುಂಡೆ:
ಎಲೆನ್ ಪುಸೆಲ್ ಬಗ್ಗೆ ಓದಿ. ಮಾರ್ಟಿನ್ ತಂಡದಲ್ಲಿ ಹೊರಟಾಗ ಅವಳಿಗೆ ಒಂಬತ್ತು ವರ್ಷ. ದಾರಿಯಲ್ಲೇ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಹಿಮಕ್ಕೆ ಪಾದಗಳು ಕೊಳೆತು, ಎರಡೂ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು, ಅರಿವಳಿಕೆ ಇಲ್ಲದೆ. ಮುಂದೆ ಸೀಡರ್ ಸಿಟಿಯಲ್ಲಿ ಮದುವೆಯಾಗಿ ಆರು ಮಕ್ಕಳನ್ನು ಹೆತ್ತಳು. ಮನೆಯದು ಮಣ್ಣಿನ ನೆಲ. ಅದಕ್ಕೆ ನೀರು ಚಿಮುಕಿಸಿ, ಕೆರೆದು, ಗಟ್ಟಿಯಾಗಿ ನುಣ್ಣಗೆ ಇಟ್ಟುಕೊಳ್ಳುತ್ತಿದ್ದಳು. ಮೊಣಕಾಲಿನ ಮೇಲೆಯೇ ಓಡಾಟ, ತೊಟ್ಟಿ ಪಕ್ಕ ಹಾಗೇ ಕೂತು ಊರವರ ಬಟ್ಟೆ ಒಗೆಯುವುದು, ಕಾಲುಚೀಲ ಹೆಣೆದು ಮಾರುವುದು. ಕಾಲೇ ಇಲ್ಲದವಳು ಬೇರೆಯವರಿಗೆ ಕಾಲುಚೀಲ ಹೆಣೆದಳು ಅನ್ನೋದನ್ನ ಓದಿದ ದಿನ ನನಗೆ ಬೇರೆ ಏನೂ ಓದಲು ಆಗಲಿಲ್ಲ.

ಸಾಲದಪುಸ್ತಕ:
ಸಾಲದ ವಿಷಯವನ್ನೂ ನೋಡಿ. ಬಡವರನ್ನು ಕರೆತರಲು 1849ರಲ್ಲಿ ಮಾರ್ಮನ್ ಚರ್ಚ್ ಒಂದು ವಲಸೆ ನಿಧಿ ಶುರು ಮಾಡಿತ್ತು. ಆ ದುಡ್ಡು ದಾನವಲ್ಲ, ಊರು ಸೇರಿ ದುಡಿದು ವಾಪಸ್ ಕಟ್ಟಬೇಕು. ಎತ್ತಿನ ಗಾಡಿಗಿಂತ ಖರ್ಚು ಕಡಿಮೆ ಅಂತಲೇ ಕೈಗಾಡಿ ಬಂದದ್ದು. ಅಂದರೆ ಜೀವ ಕೈಯಲ್ಲಿ ಹಿಡಿದು ಬಂದವರ ತಲೆ ಮೇಲೆ ಮೊದಲ ದಿನವೇ ಸಾಲ. ಎಷ್ಟೋ ಜನರಿಗೆ ತೀರಿಸಲು ಆಗಲೇ ಇಲ್ಲ. 1880ರಲ್ಲಿ, ಚರ್ಚಿಗೆ 50 ವರ್ಷ ತುಂಬಿದಾಗ, ಬಡವರ ಬಾಕಿಯಲ್ಲಿ ಅರ್ಧ ಮನ್ನಾ ಮಾಡಿದರು.

ದಾರಿಯ ಒಂದು ಮಾತು ಹೇಳದೆ ಇರಲಾರೆ. ಮಾರ್ಟಿನ್ ತಂಡದಲ್ಲೇ ಇದ್ದ ಪೇಷೆನ್ಸ್ ಲೋಡರ್ ತಾನೇ ಬರೆದಿಟ್ಟಿದ್ದಾಳೆ: ನದಿ ದಾಟಿ ನಡುಗುತ್ತಿದ್ದ ಹೆಣ್ಣುಮಕ್ಕಳಿಗೆ ಒದ್ದೆ ಬಟ್ಟೆ ಮೈಗೆ ತಾಗದಿರಲಿ ಅಂತ ತಾಯಿ ತನ್ನ ಒಳಲಂಗ ಬಿಚ್ಚಿ ಒಬ್ಬಳಿಗೆ ಕೊಟ್ಟಳು, ಏಪ್ರನ್ ಬಿಚ್ಚಿ ಇನ್ನೊಬ್ಬಳಿಗೆ. ಅಪ್ಪ ಅಷ್ಟರಲ್ಲಿ ಸತ್ತಿದ್ದ.

ಬೆಟ್ಟದಾಚೆ:
ಬಹುಪತ್ನಿತ್ವದ ಮಾತೇ ಎತ್ತದೆ ಈ ಹೆಂಗಸರ ಬದುಕು ಹೇಳಿದರೆ ಅರ್ಧ ಹೇಳಿದ ಹಾಗೆ. ಮಾರ್ಮನ್ನರು ಆ ಪದ್ಧತಿಯನ್ನು 1852ರಲ್ಲಿ ಬಹಿರಂಗವಾಗಿ ಸಾರಿದರು, 1890ರಲ್ಲಿ ಚರ್ಚ್ ಅದನ್ನು ಕೈಬಿಟ್ಟಿತು. ಮಾರ್ಥಾ ಹ್ಯೂಸ್ ಕ್ಯಾನನ್ ಹುಟ್ಟಿದ್ದು ವೇಲ್ಸ್‌ನಲ್ಲಿ. ಪುಟ್ಟ ತಂಗಿ ದಾರಿಯಲ್ಲಿ ತೀರಿಕೊಂಡಳು, 1861ರಲ್ಲಿ ಊರು ಸೇರಿದ ಮೂರೇ ದಿನಕ್ಕೆ ಅಪ್ಪ. ಆ ಹುಡುಗಿ ಮಿಶಿಗನ್‌ನಲ್ಲಿ ಓದಿ ಡಾಕ್ಟರಾದಳು, ಒಬ್ಬನ ನಾಲ್ಕನೇ ಹೆಂಡತಿಯಾದಳು. ಬಹುಪತ್ನಿತ್ವ ಕಾನೂನಿನಲ್ಲಿ ಅಪರಾಧವಾಗಿತ್ತು, ಗಂಡ ಜೈಲಿಗೆ ಹೋಗಬಾರದು ಅಂತ ಮಗುವನ್ನು ಎತ್ತಿಕೊಂಡು ಇಂಗ್ಲೆಂಡಿಗೆ ಹೋಗಿ ತಲೆಮರೆಸಿಕೊಂಡಿದ್ದಳು.

ಯೂಟಾದ ಹೆಂಗಸರಿಗೆ 1870ರಲ್ಲೇ ಮತದ ಹಕ್ಕು ಸಿಕ್ಕಿತ್ತು. 1887ರಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಅದನ್ನು ಕಿತ್ತುಕೊಂಡಿತು, 1896ರಲ್ಲಿ ರಾಜ್ಯವಾದಾಗ ಮತ್ತೆ ಬಂತು. ಅದೇ ವರ್ಷ ಮಾರ್ಥಾ ರಾಜ್ಯ ಸೆನೆಟ್‌ಗೆ ಗೆದ್ದಳು. ಸೋತ ಅಭ್ಯರ್ಥಿಗಳಲ್ಲಿ ಅವಳ ಗಂಡನೂ ಇದ್ದ! ಅಮೆರಿಕದಲ್ಲಿ ರಾಜ್ಯ ಸೆನೆಟ್ ಸೇರಿದ ಮೊದಲ ಹೆಂಗಸು ಅವಳೇ.

ಹಳೇದಾರಿ:
ತುಂಬಾ ಥ್ಯಾಂಕ್ಸ್. ಎಲೆನ್‌ಗೆ ಊರವರು ಸಹಾಯ ಮಾಡಲಿಲ್ವಾ?

ನೂಲುಂಡೆ:
ಮಾಡಿದರು. ಅವಳಿಗೆ ಅದು ಋಣ ಅನ್ನಿಸುತ್ತಿತ್ತು. ಹಾಗಾಗಿ ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದಳು. ಗಂಡುಮಕ್ಕಳು ನೀರು ತರುವುದು, ಹೆಣ್ಣುಮಕ್ಕಳು ಕಿಟಕಿ ಒರೆಸುವುದು, ಇವಳು ಮೊಣಕಾಲೂರಿ ಇಡೀ ನೆಲವನ್ನು ತಿಕ್ಕಿ ತೊಳೆಯುವುದು.