ಪದಚರ್ಚೆ: ‘ಬಿಡಾಡಿ’ ನಾಯಿ, ಕಾರಿನ ನೆಗ್ಗು, ‘ಹೊಣೆ’

ಪ್ರಶ್ನೆ: ಸಾಕುನಾಯಿ ಬೀದಿಗೆ ಬಂದು ಕಾರಿಗೆ ಹಾನಿ ಮಾಡಿದರೆ ನೋಟಿಸಿನಲ್ಲಿ ‘ಬಿಡಾಡಿ ನಾಯಿ’ ಎನ್ನಬಹುದೇ? ‘ಲಯಬಿಲಿಟಿ’ಗೆ ‘ಜವಾಬ್ದಾರಿ’ ಸಾಕೇ, ‘ಬಾಧ್ಯತೆ’ ಬೇಕೇ?

‘ಬಿಡಾಡಿ’ ಬೇಡ. ಹೇಳುವವರು ಕೇಳುವವರಿಲ್ಲ ಎಂಬ ಧ್ವನಿ ಅದಕ್ಕಿದೆ. ದೂರು ಕೊಟ್ಟವರೇ ಮಾಲೀಕನನ್ನು ಬಿಡಿಸಿದಂತಾಗುತ್ತದೆ. ಉಳಿದ ಮಾತುಗಳಲ್ಲಿ ಕ್ರಿಯಾಪದ ನೋಡಿ. ‘ನಾಯಿಯನ್ನು ಬಿಟ್ಟಿದ್ದರು’ ಎಂದರೆ ಕರ್ತೃ ಮನುಷ್ಯ. ‘ನಾಯಿ ತಪ್ಪಿಸಿಕೊಂಡಿತು’ ಎಂದರೆ ಕರ್ತೃ ನಾಯಿ. ಎದುರು ಪಕ್ಷದವರು ಹಿಡಿಯುವುದು ಎರಡನೆಯದನ್ನೇ. ಕಂಡದ್ದನ್ನಷ್ಟೇ ಬರೆಯುವುದು ಕ್ಷೇಮ: ‘ಗೇಟಿಗೆ ಅಗುಳಿ ಹಾಕಿರಲಿಲ್ಲ, ಕೊರಳಪಟ್ಟಿಯಲ್ಲಿ ಹಗ್ಗವಿರಲಿಲ್ಲ.’ ಇದು ನಿರ್ಲಕ್ಷ್ಯದತ್ತ ಬೆರಳು ಮಾಡುತ್ತದೆ. ಗಟ್ಟಿ ಹಗ್ಗವೇ ತುಂಡಾಗಿ ನೇತಾಡುತ್ತಿದ್ದರೆ ವಾದ ಅಷ್ಟು ಸಲೀಸಲ್ಲ.

‘ಜವಾಬ್ದಾರಿ’ಯ ಬೇರು ಪಾರಸಿಯ ಮೂಲಕ ಬಂದ ಅರಬ್ಬಿಯ ‘ಜವಾಬು’, ಅಂದರೆ ಉತ್ತರ. ನಾಯಿಯನ್ನು ಕಟ್ಟಿಹಾಕುವುದು ಜವಾಬ್ದಾರಿ. ಹಾನಿಯಾದ ಮೇಲೆ ತಲೆಗೆ ಬರುವುದು ಹೊಣೆ. ‘ಹೊಣೆ’ಗೆ ಜಾಮೀನು ಎಂಬ ಹಳೆಯ ಅರ್ಥವೂ ಉಂಟು: ಸಾಲ ಮಾಡಿದವನೊಬ್ಬ, ತೀರಿಸುವವನು ಹೊಣೆ ನಿಂತವನು. ಮಾಡಿದ್ದು ನಾಯಿ, ತೆರುವುದು ಒಡೆಯ. ಪದ ಅಳತೆ ಕೊಟ್ಟು ಹೊಲಿಸಿದಂತಿದೆ. ತಪ್ಪು ಸಾಬೀತಾಗದಿದ್ದರೂ ಅಂಟುವ ‘ಕಠಿಣ ಹೊಣೆ’ಗೆ ಬೇರೆ ಮಾತು ಹುಡುಕಬೇಕಿಲ್ಲ. ಆ ತತ್ತ್ವಕ್ಕೆ ಹೆಸರಾದ ಇಂಗ್ಲೆಂಡಿನ ರೈಲ್ಯಾಂಡ್ಸ್–ಫ್ಲೆಚರ್ ಮೊಕದ್ದಮೆ (ಹೌಸ್ ಆಫ್ ಲಾರ್ಡ್ಸ್, 1868) ಗಣಿಗೆ ನುಗ್ಗಿದ ನೀರಿನದಾದರೂ, ಅದೇ ಮೊಕದ್ದಮೆಯ ಕೆಳಹಂತದ ತೀರ್ಪಿನಲ್ಲಿ ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್ ಕೊಟ್ಟ ಉದಾಹರಣೆಗಳಲ್ಲಿ ನೆರೆಯವನ ದನ ತಪ್ಪಿಸಿಕೊಂಡು ಬಂದು ಬೆಳೆ ಮೇಯ್ದದ್ದೂ ಒಂದು. ಎಲ್ಲ ಕಡೆಯ ಕಾನೂನೂ ಸಾಕುನಾಯಿಗೆ ಇದನ್ನು ಅನ್ವಯಿಸುವುದಿಲ್ಲ. ಹಲವೆಡೆ ನಿರ್ಲಕ್ಷ್ಯವನ್ನು ತೋರಿಸಲೇಬೇಕು. ‘ಬಾಧ್ಯತೆ’ ಲೆಕ್ಕಪತ್ರಕ್ಕೂ ಕ್ರಯಪತ್ರಕ್ಕೂ ಇರಲಿ.

ಇನ್ನು ‘ಹಾನಿ’ ಕಾರಿಗೆ, ‘ನಷ್ಟ’ ಜೇಬಿಗೆ. ‘ದಂಡ’ ಸರ್ಕಾರಕ್ಕೆ ಹೋಗುತ್ತದೆ, ‘ಪರಿಹಾರ’ ನೊಂದವರಿಗೆ. ನೋಟಿಸಿನಲ್ಲಿ ‘ದಂಡ ಕೊಡಿ’ ಎಂದು ಬರೆಯುವುದು ಬಲು ಸಾಮಾನ್ಯವಾದ ತಪ್ಪು. ನಾಯಿಯ ಒಡೆಯ ಹಣ ಕೊಟ್ಟಾಗ ರಸೀದಿಯಲ್ಲಿ ‘ಪೂರ್ಣ ಪರಿಹಾರ ಮುಟ್ಟಿದೆ’ ಎಂದು ಸಹಿ ಹಾಕುವ ಮುನ್ನ ವಿಮಾ ಕಂಪನಿಯನ್ನು ಕೇಳಿ. ರಿಪೇರಿಯ ಹಣ ಕೊಟ್ಟ ಕಂಪನಿ ನಾಯಿಯ ಒಡೆಯನಿಂದ ಅದನ್ನು ವಸೂಲು ಮಾಡಲು ನಿಮ್ಮ ಜಾಗದಲ್ಲಿ ನಿಲ್ಲುತ್ತದೆ. ‘ಪೂರ್ಣ’ ಎಂಬ ಒಂದು ಪದ ಆ ದಾರಿಯನ್ನು ಮುಚ್ಚಬಹುದು. ‘ಭಾಗಶಃ’ ಎಂದೋ, ಮೊತ್ತವನ್ನಷ್ಟೇ ಹೆಸರಿಸಿಯೋ ಬರೆಯಿರಿ.

‘ಕಾರು ಜಖಂ’ ಎಂದರೆ ಸಾಲದು. ‘ನಿಂತಿದ್ದ ಕಾರಿನ ಎಡ ಹಿಂಬಾಗಿಲಲ್ಲಿ ಅಂಗೈಯಗಲದ ನೆಗ್ಗು, ಅದರ ಕೆಳಗೆ ಬಣ್ಣ ಕಿತ್ತ ಮೂರು ಗೀರು’ ಎನ್ನಿ. ‘ನಿಂತಿದ್ದ’ ಬಿಟ್ಟುಹೋದರೆ ಚಾಲಕನದೂ ತಪ್ಪಿದೆ ಎಂಬ ವಾದಕ್ಕೆ ಎಡೆ ಸಿಗುತ್ತದೆ.