ಸಮಸ್ಯೆ: ಕುದುರೆಯ ಬಸಿಱಿಂದೆ ಪುಟ್ಟಿದರ್ ಕಲಿಮನುಜರ್

ಪೃಚ್ಛಕ: ಈ ವಾರದ ಸಮಸ್ಯೆ ಕಂದಪದ್ಯದ ಕೊನೆಯ ಪಾದ, ಮೊದಲ ಮೂರು ಪಾದಗಳನ್ನು ಕಟ್ಟಿ ಪೂರಣ ಮಾಡಬೇಕು. ವಸ್ತು ಗ್ರೀಕರು ಮರದ ಕುದುರೆಯೊಳಗೆ ಅಡಗಿ ಕೋಟೆ ಹೊಕ್ಕ ಟ್ರಾಯ್ ಯುದ್ಧವೇ ಆಗಬೇಕು. ಕುದುರೆಯ ರೂಪದ ತಾಯಿಗೆ ಹುಟ್ಟಿದ ಅಶ್ವಿನೀದೇವತೆಗಳ ಮೊರೆಹೊಕ್ಕು ನುಣುಚಿಕೊಳ್ಳುವ ಹಳೆಯ ಚಾಳಿ ಈ ಸಲ ನಡೆಯದು.

ಕಂದಪ್ರಿಯ:
ಅದಟರ್ ಪತ್ತಬ್ದಂ ಕಾ-
ದಿದೊಡಂ ಸಿಲ್ಕದಿರೆ ಕೋಟೆ ಯವನರ್ಗಂದುಂ
ಪುದುಗಿರ್ದು ಮರದೊಳಿರುಳೊಳ್
ಕುದುರೆಯ ಬಸಿಱಿಂದೆ ಪುಟ್ಟಿದರ್ ಕಲಿಮನುಜರ್

ಗುರುಲಘು: ‘ಕಾದಿದೊಡಂ’ ಒಡೆದು ಪ್ರಾಸಕ್ಕೆ ಬಿದ್ದದ್ದು ಸೊಗಸಾಗಿದೆ. ಆದರೆ ‘ಯವನರ್’ ಹೇಗೆ ಬಂದರು? ಹೋಮರನು ಮುತ್ತಿಗೆ ಹಾಕಿದವರನ್ನು ಅಖಾಯರು, ಅರ್ಗಿವರು, ದನಾಯರು ಎನ್ನುತ್ತಾನೆಯೇ ಹೊರತು, ನಮ್ಮ ‘ಯವನ’ಕ್ಕೆ ಮೂಲವಾದ ಅಯೋನಿಯದವರ ಹೆಸರು ಇಲಿಯಡ್ಡಿನ 24 ಸರ್ಗಗಳಲ್ಲಿ ಒಂದೇ ಒಂದು ಸಲ, 13ನೆಯದರಲ್ಲಿ, ಸುಳಿದು ಹೋಗುತ್ತದೆ.

ಕಂದಪ್ರಿಯ: ಕಳೆದ ಯುಗಾದಿಯ ಪೂರಣದಲ್ಲಿ ತಾವು ಟ್ರಾಯಿನ ವೀರ ಈನಿಯಸನನ್ನು ‘ರೋಮಕ’ನೆಂದು ಕರೆದಿದ್ದಿರಿ, ಆಗ ರೋಮ್ ನಗರವೇ ಹುಟ್ಟಿರಲಿಲ್ಲ. ನಮ್ಮಲ್ಲಿ ಗ್ರೀಕರಿಗೆ ಯವನರೆಂದೇ ರೂಢಿ, ನನ್ನ ಓದುಗನು ಕನ್ನಡಿಗ. ‘ದನಾಯರ್’ ಎಂದು ತಿದ್ದಿದರೆ ನಾಲ್ಕು ಮಾತ್ರೆಯ ಏಳನೆಯ ಗಣದಲ್ಲಿ ಐದನೆಯ ಮಾತ್ರೆ ಬಂದು ಕೂರುತ್ತದೆ. ಅದನ್ನು ತಮ್ಮ ಹೆಸರಿನಲ್ಲಿ ಬರೆದುಕೊಳ್ಳುವುದಾದರೆ ನನ್ನ ಅಭ್ಯಂತರವಿಲ್ಲ.

ಗುರುಲಘು: ‘ದನಯರ್’ ಎಂದು ಹ್ರಸ್ವ ಮಾಡಿದರೆ ಗಣವೂ ಉಳಿಯುತ್ತದೆ, ಗ್ರೀಕಿಗೂ ಹತ್ತಿರವಾಗುತ್ತದೆ, ಮೂಲದಲ್ಲಿಯೂ ಅಲ್ಲಿರುವುದು ಹ್ರಸ್ವವೇ.

ಓಲೆಗರಿ: ‘ದನಯರ್’ ಎಂದರೆ ದನ ಮೇಯಿಸುವವರೆಂದು ತಿಳಿಯುವವರೇ ಹೆಚ್ಚು. ತಮ್ಮಿಬ್ಬರ ಮುತ್ತಿಗೆಯೂ ಪತ್ತಬ್ದ ನಡೆಯುವಂತೆ ಕಾಣುವುದರಿಂದ ನನ್ನದನ್ನು ಇಟ್ಟು ಹೋಗುತ್ತೇನೆ.

ಸುದತಿಯ ಕಪಟದ ದನಿಯಿಂ-
ದೆದೆಗರಗದೆ ಬಾಯ ಬಿಗಿದು ಕತ್ತಲೆಯೊಳಿರಲ್
ಮದದಿಂ ಪೊೞಲೊಱಗಲೊಡಂ
ಕುದುರೆಯ ಬಸಿಱಿಂದೆ ಪುಟ್ಟಿದರ್ ಕಲಿಮನುಜರ್

ಒಡಿಸ್ಸಿಯ 4ನೆಯ ಸರ್ಗದಲ್ಲಿ ಯುದ್ಧಕ್ಕೆ ಕಾರಣಳಾದ ಹೆಲೆನ್ ಕುದುರೆಯನ್ನು ಕೈಯಿಂದ ತಡವುತ್ತ ಮೂರು ಸುತ್ತು ಬಂದು, ಒಳಗಿದ್ದವರನ್ನು ಅವರವರ ಹೆಂಡಿರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಾಳೆ. ಓಗೊಡಲು ಹೊರಟ ಆಂಟಿಕ್ಲಸನ ಬಾಯನ್ನು ಒಡಿಸ್ಸಿಯಸ್ ಅಮುಕಿ ಹಿಡಿಯುತ್ತಾನೆ. ‘ಬಾಯ ಬಿಗಿದು’ ಬಂದದ್ದು ಅಲ್ಲಿಂದ.

ಪೃಚ್ಛಕ: ಚೆನ್ನಾಗಿದೆ.

ಗುರುಲಘು: ಒಪ್ಪಿದೆ. ಆದರೆ ಸಮಸ್ಯೆಯಲ್ಲಿಯೇ ಕನ್ನಡದ ‘ಕಲಿ’ಗೆ ಸಂಸ್ಕೃತದ ‘ಮನುಜ’ವನ್ನು ಬೆಸೆದ ‘ಕಲಿಮನುಜರ್’ ಎಂಬ ಅರಿಸಮಾಸ ಕುಳಿತಿರುವಾಗ ಪೃಚ್ಛಕರು ಏನೂ ತಿಳಿಯದವರಂತೆ ತಲೆದೂಗುತ್ತಿದ್ದಾರೆ.

ಪೃಚ್ಛಕ: ‘ಕಲಿ’ ಇಲ್ಲಿ ಗುಣವಾಚಕ. ಅಂಥ ಪದ ಮೊದಲಿಗೆ ಬರುವ ಗಮಕಸಮಾಸಕ್ಕೆ ಆ ದೋಷ ತಟ್ಟದು.

ಕಂದಪ್ರಿಯ: ಸಮಸ್ಯೆ ಕೊಟ್ಟವರಿಗೆ ಗಮಕ, ಪೂರಣ ಮಾಡಿದವನಿಗೆ ಹೋಮರ! ‘ಕಲಿ’ ನಾಮಪದವೆಂದು ಈ ಪೃಚ್ಛಕರೇ ಹಿಂದೊಮ್ಮೆ ನನ್ನ ಪದ್ಯವನ್ನು ತಳ್ಳಿಹಾಕಿದ್ದರು. ಅದಿರಲಿ, ಗುರುಲಘು ಅವರ ಪೂರಣ ಎಲ್ಲಿ?

ಗುರುಲಘು: ಬರೆಯುತ್ತಿದ್ದೇನೆ. ರೋಮಿನ ಕವಿ ವರ್ಜಿಲನೂ ಆ ಕುದುರೆಯನ್ನು ಆಯುಧಗಳಿಂದ ಬಸುರಾದದ್ದು ಎಂದೇ ಕರೆದಿರುವುದರಿಂದ ಈ ಪಾದ ಅವನಿಗೇ ಹೆಚ್ಚು ಹೊಂದುತ್ತದೆ. ಹೊಸ್ತಿಲಲ್ಲಿ ಕುದುರೆ ನಾಲ್ಕು ಸಲ ತಡೆದು ನಿಂತಿತು, ನಾಲ್ಕು ಸಲವೂ ಬಸಿರೊಳಗೆ ಆಯುಧಗಳು ಸದ್ದು ಮಾಡಿದವು, ಎಳೆಯುವವರು ಕೇಳಿಸಿಕೊಳ್ಳಲಿಲ್ಲ. ಮೂರು ಪಾದಗಳೊಳಗೆ ನಾಲ್ಕು ಸದ್ದು ಹಿಡಿಸುತ್ತಿಲ್ಲ.

ಓಲೆಗರಿ: ಮೂರು ಸದ್ದಿಗೆ ಇಳಿಸಿ. ನಾಲ್ಕನೆಯದನ್ನು ಕಂದಪ್ರಿಯರು ಮಾಡುತ್ತಾರೆ.