3,5-ಡೈಫಿನೈಲ್ ಐಸಾಕ್ಸಜೋಲ್: ಮೂರನೆಯ ಸಲವೂ 74ಕ್ಕೇ ಕರಗುತ್ತಿದೆ, ದಯವಿಟ್ಟು ಯಾರಾದರೂ ನೋಡಿ

ತುಂಗಾದಂಡೆ (ಜುಲೈ 9, ರಾತ್ರಿ)

3,5-ಡೈಫಿನೈಲ್ ಐಸಾಕ್ಸಜೋಲ್ ಎಂಬ ಉಂಗುರದ ಸಂಯುಕ್ತ ತಯಾರಿಸಲು ಮೂರು ವಾರದಿಂದ ಒಂದೇ ಕ್ರಿಯೆಯ ಹಿಂದೆ ಬಿದ್ದಿದ್ದೇನೆ. ಪುಸ್ತಕದಲ್ಲಿ 141 ಎಂದಿದೆ, ನನ್ನದು 74ಕ್ಕೇ ಕರಗಿಬಿಡುತ್ತದೆ. ಎಥೆನಾಲ್‌ನಲ್ಲಿ ಎರಡೆರಡು ಸಲ ಮರುಸ್ಫಟಿಕೀಕರಣ ಮಾಡಿದರೂ ಒಂದು ಡಿಗ್ರಿ ಮೇಲೇರುವುದಿಲ್ಲ. ವಿಧಾನದಲ್ಲಿ ತಪ್ಪೇನೂ ಇಲ್ಲ, ಎಲ್ಲರೂ ಮಾಡುವ ಹಾಗೆಯೇ ಮಾಡಿದ್ದೇನೆ: ಹೈಡ್ರಾಕ್ಸಿಲಮೀನ್ ಹೈಡ್ರೋಕ್ಲೋರೈಡ್, ಎಥೆನಾಲ್, ಆರು ಗಂಟೆ ರಿಫ್ಲಕ್ಸ್ (ಆವಿಯನ್ನು ತಣಿಸಿ ಮರಳಿಸುತ್ತಾ ಕುದಿಸುವುದು), ಆಮೇಲೆ ಮಂಜುಗಡ್ಡೆ ನೀರಿಗೆ ಸುರಿದು ಸೋಸುವುದು. ಹಿಂದಿನ ಬ್ಯಾಚಿನವರು ಇದನ್ನೇ ಮಾಡಿ ಅಂಕ ತೆಗೆದುಕೊಂಡು ಹೋಗಿದ್ದಾರೆ. ಗೈಡ್ ಕೇಳಿದರೆ "ನಿನ್ನ ಕೈ ಸರಿಯಿಲ್ಲ" ಎನ್ನುತ್ತಾರೆ. ತಿಂಗಳ ಕೊನೆಗೆ ಪ್ರಾಜೆಕ್ಟ್ ಒಪ್ಪಿಸಬೇಕು. ಹೊರಗೆ ಪುನರ್ವಸು ಮಳೆ, ಒಳಗೆ ಕರೆಂಟಿನ ಕಣ್ಣಾಮುಚ್ಚಾಲೆ. ಏನು ಮಾಡಲಿ?

ಪದಕೋಶ

74ಕ್ಕೆ ಕರಗುತ್ತದೆ ಎಂದರೆ ಏನು? 74 ಡಿಗ್ರಿಗೋ, 74 ಮಿಲಿ ಎಥೆನಾಲಿಗೋ? ಸಕ್ಕರೆ ನೀರಿನಲ್ಲಿ ಕರಗುತ್ತದೆ, ಬೆಣ್ಣೆ ಬಿಸಿಗೆ ಕರಗುತ್ತದೆ. ಎರಡಕ್ಕೂ ಒಂದೇ ಕ್ರಿಯಾಪದ ಇರುವ ಭಾಷೆಯಲ್ಲಿ ಬರೆಯುವವರು ಸ್ವಲ್ಪ ಎಚ್ಚರ ವಹಿಸಬೇಕು. ದ್ರವನಬಿಂದು ಎಂಬ ಪದ ಇರುವುದೇ ಅದಕ್ಕೆ.

ತುಂಗಾದಂಡೆ

ಡಿಗ್ರಿ ಸೆಲ್ಸಿಯಸ್. ಪದದ ಚಿಂತೆ ಆಮೇಲೆ ಮಾಡೋಣ.

ಹಳೆಯ_ಬೀಕರ್

ಯೋಚನೆಯೇ ಬೇಡ ತಮ್ಮಾ, ನಿನ್ನ ಹೈಡ್ರಾಕ್ಸಿಲಮೀನ್ ತೇವ ಕುಡಿದಿದೆ. ಮೂವತ್ತು ವರ್ಷ ತೀರ್ಥಹಳ್ಳಿ ಕಡೆಯ ಲ್ಯಾಬುಗಳಲ್ಲಿ ಕಳೆದವನು ಹೇಳುತ್ತಿದ್ದೇನೆ. ಆಷಾಢದಲ್ಲಿ ಉಪ್ಪಿನ ಭರಣಿ ಏನಾಗುತ್ತದೆಯೋ ಆ ಬಾಟಲಿಯೂ ಅದೇ ಆಗುತ್ತದೆ. ಮುಚ್ಚಳ ತೆಗೆದು ನೋಡು. ಪುಡಿ ಪುಡಿಯಾಗಿದೆಯೋ, ಚಮಚಕ್ಕೂ ಬಗ್ಗದ ಗಟ್ಟಿಯೋ?

ತುಂಗಾದಂಡೆ

ಗಟ್ಟಿಯೇ ಸರ್. ಸ್ಪ್ಯಾಚುಲಾದಿಂದ ಕುಟ್ಟಿ ತೆಗೆಯುತ್ತೇನೆ. ಬಾಟಲಿಯ ಅಂಚಿನಲ್ಲಿ ಪಸೆಯೂ ಇದೆ.

ಹಳೆಯ_ಬೀಕರ್

ಸಿಕ್ಕಿತಲ್ಲ! ಹೊಸ ಬಾಟಲಿ ತರಿಸು. ತೇವ ಹೀರುವ ಡೆಸಿಕೇಟರ್‌ನಲ್ಲಿಡು. ಸಿಲಿಕಾ ಜೆಲ್ ನೀಲಿ ಇದೆಯೋ ಗುಲಾಬಿಗೆ ತಿರುಗಿದೆಯೋ ಅದನ್ನೂ ನೋಡು. ಇಲ್ಲಿಗೆ ಈ ಪ್ರಶ್ನೆ ಮುಗಿಯಿತು.

ಅಡಿಕೆ_ಆಲ್ಡಿಹೈಡ್

ಹೊಸದಕ್ಕೆ ಯಾಕೆ ದುಡ್ಡು ಸುರಿಯುತ್ತೀರಿ ಮಾರಾಯರೇ? ನಮ್ಮ ಮನೆಯ ಅಡಿಕೆ ಡ್ರೈಯರ್ ಮಳೆಗಾಲವಿಡೀ ಖಾಲಿ ಬಿದ್ದಿರುತ್ತದೆ. ನಾನು ಗಾಜಿನ ಸಾಮಾನನ್ನೆಲ್ಲ ಅದರಲ್ಲೇ ಒಣಗಿಸುವುದು. ಬಾಟಲಿಯನ್ನು ಒಂದು ರಾತ್ರಿ ಅಲ್ಲಿಟ್ಟರೆ ಬೆಳಿಗ್ಗೆ ಸಕ್ಕರೆಯಂತೆ ಉದುರುತ್ತದೆ.

ನಾಲ್ಕನೆಯ_ಚುಕ್ಕಿ

ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹೈಡ್ರಾಕ್ಸಿಲಮೀನ್ ಲವಣಗಳು ಬಿಸಿ ಏರಿದರೆ ಒಮ್ಮೆಲೇ ವಿಭಜನೆಯಾಗುವ ಜಾತಿಯವು. 1999ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಮರುವರ್ಷವೇ ಜಪಾನಿನಲ್ಲಿ, ಹೈಡ್ರಾಕ್ಸಿಲಮೀನ್ ತಯಾರಿಸುವ ಕಾರ್ಖಾನೆಗಳು ಸಿಡಿದು ಜನ ಸತ್ತಿದ್ದಾರೆ. ಥರ್ಮೋಸ್ಟಾಟನ್ನು ನಂಬಿ ಮರದ ಅಟ್ಟದ ಕೆಳಗೆ ಇದನ್ನೆಲ್ಲ ಒಣಗಿಸುವುದೇ?

ಹಳೆಯ_ಬೀಕರ್

ಅಲ್ಲಿ ಸಿಡಿದದ್ದು ಮುಕ್ತ ಹೈಡ್ರಾಕ್ಸಿಲಮೀನಿನ ಗಾಢ ದ್ರಾವಣ. ಇಲ್ಲಿರುವುದು ಹೈಡ್ರೋಕ್ಲೋರೈಡ್. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ನಾಲ್ಕನೆಯ_ಚುಕ್ಕಿ

ಒಪ್ಪಿದೆ, ಅದು ಬೇರೆ, ಇದು ಬೇರೆ. ಆದರೂ ಡ್ರೈಯರ್ ಬೇಡ.

ಅಡಿಕೆ_ಆಲ್ಡಿಹೈಡ್

ಸರಿ, ಬಿಟ್ಟೆ. ಅಂದ ಹಾಗೆ, ಕರೆಂಟ್ ಹೋದರೆ ಆವಿ ತಣಿಸುವ ಕಂಡೆನ್ಸರಿನ ನೀರು ನಿಲ್ಲುತ್ತದೆ ಎಂದು ಅಳುವವರು ಒಮ್ಮೆ ಹೊಸನಗರದ ಕಡೆ ಬನ್ನಿ. ನಾನು ಮನೆಯಲ್ಲಿ ಮಜ್ಜಿಗೆ ಹುಲ್ಲಿನ ಎಣ್ಣೆ ಇಳಿಸುತ್ತೇನೆ. ಗುಡ್ಡದ ಅಬ್ಬಿ ನೀರನ್ನು ಪೈಪಿನಲ್ಲಿ ತಂದು ನೇರವಾಗಿ ಕಂಡೆನ್ಸರಿಗೇ ಕೊಟ್ಟಿದ್ದೇನೆ. ಪಂಪಿಲ್ಲ, ಬಿಲ್ಲಿಲ್ಲ, ಬೇಸಿಗೆಯಲ್ಲೂ ಕೈ ಕೊರೆಯುವಷ್ಟು ತಣ್ಣಗಿನ ನೀರು. ಅದೇ ಪೈಪಿಗೆ ನೀರಿನ ಹರಿವಿನಿಂದ ಗಾಳಿ ಎಳೆಯುವ ಆಸ್ಪಿರೇಟರ್ ಸಿಕ್ಕಿಸಿದರೆ ನಿರ್ವಾತ ಸೋಸುವಿಕೆಯೂ ಆಗುತ್ತದೆ. ಹೊರಬಿದ್ದ ನೀರು ಸೀದಾ ತೋಟಕ್ಕೆ.

ಗಂಧಕ_ಗಿಂಡಿ

ಒತ್ತಡ ಎಷ್ಟು ಬರುತ್ತದೆ? ನಾನು ಹಳೆಯ ಫ್ರಿಜ್ಜಿನ ಕಂಪ್ರೆಸರನ್ನು ಪಂಪ್ ಮಾಡಿಕೊಂಡಿದ್ದೇನೆ. ಎರಡು ವರ್ಷದಿಂದ ಗೊರಗೊರ ಎನ್ನುತ್ತಲೇ ನಡೆಯುತ್ತಿದೆ.

ಅಡಿಕೆ_ಆಲ್ಡಿಹೈಡ್

ಗೇಜ್ ಹಾಕಿಲ್ಲ. ಅಬ್ಬಿ ಇರುವುದು ಮನೆಗಿಂತ ನಲವತ್ತು ಅಡಿ ಮೇಲೆ. ಫಿಲ್ಟರ್ ಕಾಗದ ಹರಿಯುವಷ್ಟು ಎಳೆತ ಬರುತ್ತದೆ.

ತುಂಗಾದಂಡೆ (ಜುಲೈ 12)

ಅಬ್ಬಿಯ ವಿಷಯಕ್ಕೆ ಬೇರೆ ಚರ್ಚೆ ತೆರೆಯುತ್ತೀರಾ? ಗೆಳೆಯನ ಕಾಲೇಜಿನಿಂದ ಹೊಸ ಹೈಡ್ರಾಕ್ಸಿಲಮೀನ್ ಐದು ಗ್ರಾಂ ತಂದೆ. ಮರಳಿನಂತೆ ಉದುರುವ ಪುಡಿ. ನಾಲ್ಕನೆಯ ಸಲ ಮಾಡಿದೆ. ಬಂದದ್ದು 73ರಿಂದ 75. ತಲೆ ಚಚ್ಚಿಕೊಳ್ಳಬೇಕು ಎನ್ನಿಸುತ್ತಿದೆ.

ಹಳೆಯ_ಬೀಕರ್

ಹಾಗಾದರೆ ಎಥೆನಾಲಿನಲ್ಲಿ ತೇವ ಇದೆ.

ನಾಲ್ಕನೆಯ_ಚುಕ್ಕಿ

ಗುರುಗಳೇ, ಇದು ನೀರು ಬೆರೆಸಿದ ಎಥೆನಾಲಿನಲ್ಲೂ ಆಗುವ ಕ್ರಿಯೆ. ಕ್ರಿಯೆಯೇ ನೀರನ್ನು ಹೊರಹಾಕುತ್ತದೆ, ಕೊನೆಗೆ ಎಲ್ಲವನ್ನೂ ಸುರಿಯುವುದೂ ನೀರಿಗೇ. ಹೈಡ್ರಾಕ್ಸಿಲಮೀನ್ ತೇವ ಕುಡಿದರೆ ತೂಕ ಸ್ವಲ್ಪ ಸುಳ್ಳಾಗುತ್ತದೆ ಅಷ್ಟೆ. ಒಂದೂವರೆ ಪಟ್ಟು ಹಾಕಿದರೆ ಅದೂ ಸರಿಹೋಗುತ್ತದೆ.

ನನ್ನನ್ನು ಕಾಡುತ್ತಿರುವುದು ಬೇರೆ. ಕಲ್ಮಶ ಇದ್ದಿದ್ದರೆ ದ್ರವನಬಿಂದು ಇಳಿಯುವುದಷ್ಟೇ ಅಲ್ಲ, ಹರಡಿಕೊಳ್ಳುತ್ತಿತ್ತು: 110ಕ್ಕೆ ಒದ್ದೆಯಾಗಿ 130ರವರೆಗೆ ಎಳೆಯುತ್ತಿತ್ತು. ನಿಮ್ಮದು ನಾಲ್ಕು ಸಲವೂ ಎರಡು ಡಿಗ್ರಿಯೊಳಗೆ ಚೊಕ್ಕವಾಗಿ ಕರಗುತ್ತಿದೆ. ಅಂದರೆ ಕೈ ಚೆನ್ನಾಗಿಯೇ ಇದೆ. ಶುದ್ಧವಾದದ್ದೊಂದು ಸಿಕ್ಕಿದೆ, ಅದು ಐಸಾಕ್ಸಜೋಲ್ ಅಲ್ಲ ಅಷ್ಟೇ. ಹೈಡ್ರಾಕ್ಸಿಲಮೀನನ್ನು ಯಾವುದರ ಜೊತೆ ಕುದಿಸಿದಿರಿ? ಇಷ್ಟು ದಿನವಾದರೂ ಅದನ್ನು ನೀವು ಹೇಳಿಯೇ ಇಲ್ಲ.

ತುಂಗಾದಂಡೆ

ಚಾಲ್ಕೋನ್ ಜೊತೆಗೆ. ಇನ್ನು ಯಾವುದರ ಜೊತೆ ಮಾಡುತ್ತಾರೆ ಸರ್? ಬೆಂಜಾಲ್ಡಿಹೈಡ್ ಮತ್ತು ಅಸಿಟೋಫಿನೋನ್‌ನಿಂದ ನಾನೇ ಮಾಡಿಕೊಂಡದ್ದು. ಹಳದಿ ಹರಳು, 56ಕ್ಕೆ ಕರಗಿತು. ಅದನ್ನು ಅರೆದ ದಿನವಿಡೀ ಮುಂಗೈ ತುರಿಸಿತು. ಪ್ರತ್ಯಾಮ್ಲ ಪೊಟಾಸಿಯಂ ಹೈಡ್ರಾಕ್ಸೈಡ್.

ನಾಲ್ಕನೆಯ_ಚುಕ್ಕಿ

ಸರ್ ಅಲ್ಲ, ಮೇಡಂ. ಇದನ್ನು ಮೊದಲ ದಿನವೇ ಹೇಳಿದ್ದರೆ ನೀವು ಐದು ಗ್ರಾಂ ಹೊತ್ತು ತಿರುಗಬೇಕಿರಲಿಲ್ಲ.

ಕಾಗದ ತೆಗೆದು ಅಣುತೂಕಗಳನ್ನು ಕೂಡಿಸಿ ಕಳೆಯಿರಿ. ಚಾಲ್ಕೋನ್ 208, ಹೈಡ್ರಾಕ್ಸಿಲಮೀನ್ 33, ಹೊರಹೋಗುವ ಒಂದು ನೀರು 18. ಉಳಿದದ್ದು 223. ನಿಮಗೆ ಬೇಕಾದ ಡೈಫಿನೈಲ್ ಐಸಾಕ್ಸಜೋಲ್ 221. ಎರಡು ಹೈಡ್ರೋಜನ್ ಹೆಚ್ಚಿಗೆ ಉಳಿದಿದೆ. ಅದನ್ನು ಕಿತ್ತುಕೊಳ್ಳುವವರು ನಿಮ್ಮ ಫ್ಲಾಸ್ಕಿನಲ್ಲಿ ಯಾರೂ ಇಲ್ಲ. ಆದ್ದರಿಂದ ಉಂಗುರ ಕೂಡಿದೆ, ಆದರೆ ಆ ಎರಡು ಹೈಡ್ರೋಜನ್ ಹೆಚ್ಚಿಗೆ ಹೊತ್ತ ಉಂಗುರ: 4,5-ಡೈಹೈಡ್ರೋ ಐಸಾಕ್ಸಜೋಲ್, ರೂಢಿಯಲ್ಲಿ ಐಸಾಕ್ಸಜೋಲಿನ್. ಅದರ ದ್ರವನಬಿಂದು 74ರ ಆಸುಪಾಸು. ನಿಮ್ಮ ಥರ್ಮಾಮೀಟರ್ ಮೊದಲ ದಿನದಿಂದ ಇದನ್ನೇ ಹೇಳುತ್ತಿತ್ತು.

ಹಳೆಯ_ಬೀಕರ್

223 ಎಂದಾಕ್ಷಣ ಐಸಾಕ್ಸಜೋಲಿನ್ ಎಂದು ತೀರ್ಮಾನಿಸಲು ಬರುವುದಿಲ್ಲ. ಉಂಗುರ ಕೂಡದೆ ಬರೀ ಆಕ್ಸೈಮ್ ಆಗಿ ನಿಂತಿದ್ದರೂ ತೂಕ 223ವೇ.

ನಾಲ್ಕನೆಯ_ಚುಕ್ಕಿ

ಅದು ನ್ಯಾಯವಾದ ಪ್ರಶ್ನೆ. ಸೋಡಿಯಂ ಅಸಿಟೇಟ್ ಹಾಕಿದ್ದರೆ ನಾನೂ ಆಕ್ಸೈಮ್ ಎಂದೇ ಅನುಮಾನಿಸುತ್ತಿದ್ದೆ. ಪ್ರಬಲ ಪ್ರತ್ಯಾಮ್ಲ ಇದ್ದುದರಿಂದ ಉಂಗುರ ಎನ್ನುತ್ತೇನೆ. ತುಂಗಾದಂಡೆ, ಎನ್‌ಎಂಆರ್ (ಹೈಡ್ರೋಜನ್‌ಗಳು ಎಲ್ಲೆಲ್ಲಿವೆ ಎಂದು ಗೆರೆಗಳಲ್ಲಿ ತೋರಿಸುವ ಪರೀಕ್ಷೆ) ಮಾಡಿಸಿದ್ದೀರಾ?

ತುಂಗಾದಂಡೆ

ಮೊದಲನೆಯ ಸಲದ್ದನ್ನು ಬೆಂಗಳೂರಿಗೆ ಕಳುಹಿಸಿದ್ದೆವು. ಹಾಳೆ ಬಂದು ಎರಡು ವಾರವಾಯಿತು. ಗೈಡ್ ಅದನ್ನು ನೋಡಿ "ಆರೊಮ್ಯಾಟಿಕ್ ಇದೆ, ಸರಿ" ಎಂದು ಫೈಲಿಗೆ ಸೇರಿಸಿದರು. ನಾಳೆ ತೆಗೆದು ನೋಡುತ್ತೇನೆ.

ಪದಕೋಶ

ಐಸಾಕ್ಸಜೋಲ್ ಸರಿಯೋ, ಐಸೋಕ್ಸಾಜೋಲ್ ಸರಿಯೋ? ಈ ಚರ್ಚೆಯಲ್ಲಿ ಎಲ್ಲರೂ ಮೊದಲನೆಯದನ್ನೇ ಬರೆಯುತ್ತಿದ್ದೀರಿ, ಆದರೆ ಐಸೋಮರ್ ಎಂದು ಬರೆಯುವಾಗ ಓಕಾರ ಇರುತ್ತದಲ್ಲ?

ಗಂಧಕ_ಗಿಂಡಿ

ಮಾತ್ರೆ ಚೀಟಿಯಲ್ಲಿ ಸಲ್ಫಾಮೆಥಾಕ್ಸಜೋಲ್ ಎಂದು ಓದುತ್ತೀರಲ್ಲ, ಅದರೊಳಗಿನ ಉಂಗುರವೇ ಇದು. ಹಾಗೇ ಓದಿಕೊಳ್ಳಿ.

ತುಂಗಾದಂಡೆ (ಜುಲೈ 14)

ಹಾಳೆ ಸಿಕ್ಕಿತು. 7.3ರಿಂದ 7.7ರವರೆಗೆ ಒಂದು ಗುಂಪು. ಅದಲ್ಲದೆ 3.35, 3.79, 5.74ರಲ್ಲಿ ಮೂರು, ಪ್ರತಿಯೊಂದೂ ನಾಲ್ಕು ಗೆರೆಯಾಗಿ ಸೀಳಿದೆ. ನಾನು ಇವನ್ನು ದ್ರಾವಕದ ಕಸ ಎಂದುಕೊಂಡಿದ್ದೆ.

ನಾಲ್ಕನೆಯ_ಚುಕ್ಕಿ

ಕಸ ಅಷ್ಟು ಅಚ್ಚುಕಟ್ಟಾಗಿ ಮೂರು ಜಾಗದಲ್ಲಿ ಸೀಳುವುದಿಲ್ಲ. 3.35 ಮತ್ತು 3.79 ನಾಲ್ಕನೆಯ ಇಂಗಾಲದ ಎರಡು ಹೈಡ್ರೋಜನ್, 5.74 ಐದನೆಯದರ ಒಂದು. ಆಕ್ಸೈಮ್ ಆಗಿದ್ದರೆ ಈ ಮೂರೂ ಇರುತ್ತಿರಲಿಲ್ಲ. ಐಸಾಕ್ಸಜೋಲ್ ಆಗಿದ್ದರೆ ಇವುಗಳ ಬದಲಿಗೆ 6.8ರ ಹತ್ತಿರ ಒಂಟಿ ಗೆರೆ ನಿಂತಿರುತ್ತಿತ್ತು.

ಈಗ ದಾರಿ ಮೂರಿವೆ. ನನಗೆ ಇಷ್ಟವಾದದ್ದು ಹಳೆಯದೇ: 1888ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಕ್ಲೈಸೆನ್ ತೋರಿಸಿದ ಹಾಗೆ 1,3-ಡೈಕೀಟೋನಿನಿಂದ ಹೊರಡುವುದು. ಡೈಬೆಂಜಾಯಿಲ್‌ಮೀಥೇನ್ 224, ಹೈಡ್ರಾಕ್ಸಿಲಮೀನ್ 33, ಎರಡು ನೀರು ಹೋದರೆ ಸರಿಯಾಗಿ 221. ಇಲ್ಲಿ ಹೈಡ್ರೋಜನ್ ಕೀಳುವ ಗೊಡವೆಯೇ ಇಲ್ಲ. ಎರಡೂ ಕಡೆ ಫಿನೈಲ್ ಇರುವುದರಿಂದ ಯಾವ ಕಾರ್ಬೊನಿಲ್ (C=O ಗುಂಪು) ಮೊದಲು ಎಂಬ ತಕರಾರೂ ಹುಟ್ಟುವುದಿಲ್ಲ. ಬೇರೆ ಬೇರೆ ಗುಂಪುಗಳಿದ್ದರೆ ಎರಡು ಐಸೋಮರ್ ಬೆರೆತು ಕಾಟ ಕೊಡುತ್ತಿದ್ದವು. ಎರಡನೆಯದು, ಈಗ ಕೈಯಲ್ಲಿರುವುದನ್ನೇ ಸಕ್ರಿಯ ಮ್ಯಾಂಗನೀಸ್ ಡೈಆಕ್ಸೈಡ್ ಅಥವಾ ಡಿಡಿಕ್ಯೂ ಎಂಬ ಕಾರಕದಿಂದ ಉತ್ಕರ್ಷಿಸಿ ಆ ಎರಡು ಹೈಡ್ರೋಜನ್ ಕೀಳುವುದು. ಡಿಡಿಕ್ಯೂಗೆ ಬೆಲೆ ಹೆಚ್ಚು.

ಗಂಧಕ_ಗಿಂಡಿ

ಮೂರನೆಯದನ್ನು ನಾನು ಹೇಳುತ್ತೇನೆ. ಬೆಂಜಾಲ್ಡಾಕ್ಸೈಮಿನಿಂದ ನೈಟ್ರೈಲ್ ಆಕ್ಸೈಡ್ ಮಾಡಿ ಫಿನೈಲ್ ಅಸಿಟಿಲೀನ್ ಜೊತೆ ಕೂಡಿಸಿ. ತಾಮ್ರ ಹಾಕಿದರೆ 3,5 ಮಾತ್ರ ಬರುತ್ತದೆ. ಇಂದಿನವರು ಮಾಡುವುದು ಇದನ್ನೇ.

ನಾಲ್ಕನೆಯ_ಚುಕ್ಕಿ

ಚೆಂದದ ದಾರಿ, ಆದರೆ ನೈಟ್ರೈಲ್ ಆಕ್ಸೈಡನ್ನು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ತನ್ನ ಜೊತೆ ತಾನೇ ಕೂಡಿಕೊಂಡು ಫ್ಯೂರಾಕ್ಸಾನ್ ಆಗಿಬಿಡುತ್ತದೆ. ತಿಂಗಳ ಕೊನೆಯ ಗಡುವು ಇರುವವರಿಗೆ ಬೇಡ.

ಹಳೆಯ_ಬೀಕರ್

ಮಾಡುವುದಾದರೆ ಮೊದಲು ಬಾಟಲಿ ಬದಲಿಸಿ.

ತುಂಗಾದಂಡೆ (ಜುಲೈ 21)

ಮೇಡಂ, ಲೆಕ್ಕ ಬರೆದುಕೊಂಡು ಹೋಗಿ ಗೈಡ್ ಮುಂದಿಟ್ಟೆ. ಹತ್ತು ನಿಮಿಷ ಮಾತಾಡಲಿಲ್ಲ. ಆಮೇಲೆ ಹಿಂದಿನ ಬ್ಯಾಚಿನ ಮೂರು ಪ್ರಾಜೆಕ್ಟ್ ತೆಗೆಸಿದರು. ಮೂರರಲ್ಲೂ ಅದೇ ಮೂರು ಜಾಗದ ಗೆರೆಗಳು, ಮೂರರ ರಟ್ಟಿನ ಮೇಲೂ ಐಸಾಕ್ಸಜೋಲ್. ಡೈಬೆಂಜಾಯಿಲ್‌ಮೀಥೇನ್ ಸ್ಟೋರಿನಲ್ಲಿಲ್ಲ, ಇಂಡೆಂಟ್ ಹಾಕಿದರೆ ಬರುವುದು ಶ್ರಾವಣಕ್ಕೆ. ಹಾಗಾಗಿ ವಸ್ತುವನ್ನು ಹಾಗೇ ಬಿಟ್ಟು ಶೀರ್ಷಿಕೆಯನ್ನೇ ಬದಲಿಸಲು ಒಪ್ಪಿದರು. "ಐಸಾಕ್ಸಜೋಲಿನ್" ಎಂದು ತಿದ್ದುತ್ತಾ ಕೂತಿದ್ದೇನೆ, ಅರವತ್ತೆರಡು ಕಡೆ ಇದೆ.

ಪದಕೋಶ

ಎಲ್ಲವನ್ನೂ ಒಮ್ಮೆಲೇ ಬದಲಿಸುವ ಸೌಲಭ್ಯ ಬಳಸಬೇಡಿ. ಪೀಠಿಕೆಯಲ್ಲಿ ನಿಜವಾದ ಐಸಾಕ್ಸಜೋಲ್ ಬಗ್ಗೆ ಬರೆದಿದ್ದರೆ ಅದೂ ಬದಲಾಗಿಬಿಡುತ್ತದೆ.

ತುಂಗಾದಂಡೆ

ಆಗಲೇ ಬಳಸಿಬಿಟ್ಟೆ.

ಗಂಧಕ_ಗಿಂಡಿ (ಜುಲೈ 23)

ಅಡಿಕೆ_ಆಲ್ಡಿಹೈಡ್ ಅವರೇ, ಆ ಅಬ್ಬಿ ಪೈಪ್ ಒಂದೂಕಾಲು ಇಂಚಿನದೋ, ಒಂದು ಇಂಚಿನದೋ? ನಿಟ್ಟೂರಿನ ಮಾವನ ಮನೆಯಲ್ಲೂ ಹಾಕಿಸಬೇಕೆಂದಿದ್ದೇನೆ.